ಆಕ್ಷನ್ ಫೋಟೊಗ್ರಫಿಗೆ ಹೊಸ ಕ್ಯಾಮೆರಾ: ಬದಲಾಯಿಸುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಓಡುವುದು, ಹಾರುವುದು, ಜಿಗಿಯುವುದು, ಒದೆಯುವುದು. ಇಂಥದ್ದನ್ನೇ ತೆಗೆಯುವವರು ಒಂದಲ್ಲ ಒಂದು ದಿನ ಕೈಯಲ್ಲಿರುವ ಕ್ಯಾಮೆರಾವನ್ನು ಬೈದೇ ಬೈಯುತ್ತಾರೆ. ನಾನೂ ಬೈದಿದ್ದೇನೆ. ಎಷ್ಟೋ ಸಲ ತಪ್ಪು ನನ್ನದೇ ಇತ್ತು, ಕೆಲವು ಸಲ ನಿಜವಾಗಲೂ ಕ್ಯಾಮೆರಾದ್ದಿತ್ತು. ಯಾವುದು ಯಾರ ತಪ್ಪು ಅಂತ ಬಿಡಿಸಿಕೊಳ್ಳೋಕೆ ಈ ಪ್ರಶ್ನೋತ್ತರ.

## ಹೊಸ ಕ್ಯಾಮೆರಾ ತಗೊಂಡರೆ ನನ್ನ ಫೋಟೊಗಳು ಚೆನ್ನಾಗಿ ಬರುತ್ತವಾ?

ಈಗಿನವು ಯಾಕೆ ಹಾಳಾಗುತ್ತಿವೆ ಅನ್ನುವುದು ಮೊದಲು ಗೊತ್ತಾಗಬೇಕು. ಅದಕ್ಕೆ ಒಂದು ಸಂಜೆ ಕೂತು ಮಾಡುವ ಕೆಲಸವಿದೆ. ಕಳೆದ ಕೆಲವು ತಿಂಗಳಲ್ಲಿ ತೆಗೆದ, ಅಳಿಸಿಬಿಡಬೇಕು ಅಂದುಕೊಂಡ 100 ಫೋಟೊ ಆರಿಸಿ. ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿ. ಒಂದೊಂದಕ್ಕೂ ಒಂದೇ ಪದದಲ್ಲಿ ಕಾರಣ ಬರೆಯಿರಿ. ನನ್ನ ಪಟ್ಟಿಯಲ್ಲಿ ಐದು ಪದಗಳಿವೆ: ಅಲುಗಾಟ, ಫೋಕಸ್, ಕಾಳು, ಹೊತ್ತು, ಜಾಗ.

ಅಲುಗಾಟ ಅಂದರೆ ಶಟರ್ ವೇಗ (ಬೆಳಕು ಒಳಗೆ ಬಿಡುವ ಬಾಗಿಲು ತೆರೆದು ಮುಚ್ಚುವ ವೇಗ) ಸಾಲದೆ ಎಳೆದುಕೊಂಡು ಹೋದ ಚಿತ್ರ. ಇದಕ್ಕೆ ಹೊಸ ಕ್ಯಾಮೆರಾ ಬೇಡ, ಇರುವ ಕ್ಯಾಮೆರಾದಲ್ಲೇ ಡಯಲ್ ತಿರುಗಿಸಿದರೆ ಸಾಕು. ಜಾಗ ಅಂದರೆ ನಿಂತ ಕಡೆ ಸರಿಯಿಲ್ಲ: ಆಟಗಾರನ ತಲೆಯಿಂದ ಹಿಂದಿನ ಕಂಬ ಎದ್ದು ನಿಂತಿದೆ, ಇಲ್ಲಾ ಎಲ್ಲರ ಬೆನ್ನೇ ಕಾಣುತ್ತಿದೆ. ಇದನ್ನು ಯಾವ ಕ್ಯಾಮೆರಾವೂ ಸರಿ ಮಾಡುವುದಿಲ್ಲ, ಕಾಲು ಮಾಡಬೇಕು. ಹೊತ್ತು ಅಂದರೆ ಬಟನ್ ಒತ್ತಬೇಕಾದ ಕ್ಷಣ ತಪ್ಪಿದ್ದು. ಅದು ಅರ್ಧ ಅಭ್ಯಾಸದಿಂದ, ಅರ್ಧ ಕ್ಯಾಮೆರಾದಿಂದ ಸರಿಹೋಗುತ್ತದೆ. ಕಾಳು, ಅಂದರೆ ಕತ್ತಲಲ್ಲಿ ತೆಗೆದಾಗ ಚಿತ್ರದ ತುಂಬಾ ಬರುವ ಚುಕ್ಕೆಗಳು (ನಾಯ್ಸ್), ಮೊದಲು ಲೆನ್ಸಿನ ವಿಷಯ, ಆಮೇಲೆ ಬಾಡಿಯದ್ದು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ್ದು. ಇನ್ನು ಫೋಕಸ್. ಶಟರ್ ವೇಗ ಸಾಕಷ್ಟಿದ್ದು, ಸೆಟ್ಟಿಂಗ್ ಸರಿಯಿದ್ದು, ಆದರೂ ಕಣ್ಣು ಬಿಟ್ಟು ಕಿವಿಗೆ ಫೋಕಸ್ ಹೋಗಿರುವ ಫೋಟೊಗಳೇ ಜಾಸ್ತಿ ಇದ್ದರೆ ಹೊಸ ಕ್ಯಾಮೆರಾ ನಿಜವಾಗಲೂ ಕೆಲಸಕ್ಕೆ ಬರುತ್ತದೆ.

ಮೊದಲ ಸಲ ಹೀಗೆ ಎಣಿಸಿದಾಗ ನನ್ನ ರಾಶಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಅಲುಗಾಟ. ಮುಖ ಸಣ್ಣದಾಯಿತು. ಒಂದು ವರ್ಷ ಬಿಟ್ಟು ಮತ್ತೆ ಎಣಿಸಿದಾಗ ಅಲುಗಾಟ ಹೋಗಿತ್ತು, ಫೋಕಸ್ ತಪ್ಪಿದವೇ ಉಳಿದಿದ್ದವು. ಆಗ ಬದಲಾಯಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಸರಿ. ಆದರೆ ನೆಲ ನಿಜವಾಗಲೂ ಡೊಂಕಾಗಿರುವುದೂ ಉಂಟು.

## ಅಲುಗಾಟ ಯಾವುದು, ಫೋಕಸ್ ತಪ್ಪಿದ್ದು ಯಾವುದು? ಎರಡೂ ಮಸುಕೇ ಅಲ್ವಾ?

ಮಸುಕಿನಲ್ಲೂ ಜಾತಿಗಳಿವೆ. ನಿಮ್ಮ ಕಡೆಗೇ ಓಡಿ ಬರುತ್ತಿರುವ ನಾಯಿಯ ಫೋಟೊ ತೆಗೆದುಕೊಳ್ಳಿ. ಮೊದಲು ನಾಯಿಯನ್ನು ಬಿಟ್ಟು ಹುಲ್ಲು ನೋಡಿ. ನಾಯಿಯ ಕಣ್ಣು ಮಸುಕು, ಆದರೆ ಅದರ ಬಾಲದ ಹತ್ತಿರದ ಹುಲ್ಲು ಎಳೆ ಎಳೆಯಾಗಿ ಎಣಿಸುವ ಹಾಗಿದೆ ಅಂದರೆ ಫೋಕಸ್ ಹಿಂದೆ ಬಿದ್ದಿದೆ. ಎಲ್ಲೋ ಒಂದು ಪಟ್ಟಿಯಷ್ಟು ಹುಲ್ಲು ಚೂಪಾಗಿ ಇದ್ದೇ ಇರುತ್ತದೆ, ಅದು ಎಲ್ಲಿದೆಯೋ ಅಲ್ಲಿಗೆ ಕ್ಯಾಮೆರಾ ಫೋಕಸ್ ಮಾಡಿದೆ. ನಾಯಿಯ ಮೈ ಚೂಪಾಗಿದ್ದು ಪಂಜ ಮಾತ್ರ ಒಂದೇ ದಿಕ್ಕಿಗೆ ಗೆರೆ ಎಳೆದ ಹಾಗಿದ್ದರೆ ಅದು ಶಟರ್ ವೇಗ ಸಾಲದ್ದು. ಹುಲ್ಲು, ನಾಯಿ, ಬೇಲಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಿದ್ದರೆ ನಿಮ್ಮ ಕೈ ಅಲುಗಿದೆ.

ಸ್ವಲ್ಪ ಲೆಕ್ಕ ಹಾಕಿದರೆ ಇನ್ನೂ ಸಲೀಸು. ಸೆಕೆಂಡಿಗೆ 8 ಮೀಟರ್ ಓಡುವವರು 1/250 ಸೆಕೆಂಡಿನಲ್ಲಿ 3 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ ಮುಂದೆ ಹೋಗಿರುತ್ತಾರೆ. 1/1000ದಲ್ಲಿ 8 ಮಿಲಿಮೀಟರ್. ಇದು ಮೈಯ ವೇಗ. ಬೀಸುವ ಕೈಕಾಲು ಇದಕ್ಕಿಂತ ಜೋರಾಗಿ ಹೋಗುತ್ತದೆ. ಹಾಗಾಗಿ ಮೈದಾನದ ಆಟಗಳಿಗೆ 1/1000ದಿಂದ ಶುರು ಮಾಡಿ, ಹಾರುವ ಹಕ್ಕಿಗೆ 1/2000 ಅಥವಾ ಇನ್ನೂ ಮೇಲೆ. ಬ್ಯಾಡ್ಮಿಂಟನ್ ಸ್ಮ್ಯಾಶ್‌ನಲ್ಲಿ ಶಟಲ್ ರಾಕೆಟ್ ಬಿಡುವಾಗ ಗಂಟೆಗೆ 300 ಕಿಲೋಮೀಟರ್ ವೇಗವಿದ್ದರೆ, 1/1000 ಸೆಕೆಂಡಿನಲ್ಲೂ ಅದು 8 ಸೆಂಟಿಮೀಟರ್ ಹೋಗಿರುತ್ತದೆ. ಅಂದರೆ ಶಟಲ್ ಎಳೆದ ಹಾಗೆಯೇ ಬರುವುದು. ಬರಲಿ ಬಿಡಿ. ಮುಖ ಚೂಪಾಗಿದ್ದರೆ ಅದೇ ಗೆರೆ ಚಂದ ಕಾಣುತ್ತದೆ.

## ಕ್ಯಾಮೆರಾದಲ್ಲಿ ಸ್ಟೆಬಿಲೈಸೇಶನ್ ಇದ್ದರೆ ಅಲುಗಾಟ ಹೋಗುವುದಿಲ್ವಾ?

ನಿಮ್ಮ ಕೈಯ ಅಲುಗಾಟ ಹೋಗುತ್ತದೆ. ಓಡುವವರ ಓಟ ನಿಲ್ಲುವುದಿಲ್ಲ. ಸೈಕಲ್ ರೇಸಿನಲ್ಲಿ 1/60ಕ್ಕೆ ಇಳಿಸಿ ಕ್ಯಾಮೆರಾ ತಿರುಗಿಸುತ್ತಾ ಪ್ಯಾನಿಂಗ್ ಮಾಡುವಾಗ ಸ್ವಲ್ಪ ನೆರವಾಗುತ್ತದೆ, ಅಷ್ಟೇ. ಆಕ್ಷನ್‌ಗೆ ಅಂತ ಅದಕ್ಕೆ ಜಾಸ್ತಿ ದುಡ್ಡು ಸುರಿಯಬೇಡಿ.

## ಮೊದಲು ಲೆನ್ಸಾ, ಬಾಡಿನಾ?

ಕತ್ತಲೆಯೇ ನಿಮ್ಮ ಕಷ್ಟ ಆಗಿದ್ದರೆ ಲೆನ್ಸ್. ಕಿಟ್‌ನಲ್ಲಿ ಬಂದ ಟೆಲಿಫೋಟೊ ಲೆನ್ಸ್ ಪೂರ್ತಿ ಝೂಮ್‌ನಲ್ಲಿ ಸಾಮಾನ್ಯವಾಗಿ ಎಫ್ 5.6 ಅಥವಾ 6.3. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಎಫ್ 2.8 ಲೆನ್ಸ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್, ಏರಿಸಿದಷ್ಟೂ ನಾಯ್ಸ್ ಜಾಸ್ತಿ) 12800ರಲ್ಲಿ ತೆಗೆಯುತ್ತಿದ್ದ ಫೋಟೊವನ್ನು 3200ರಲ್ಲಿ ತೆಗೆಯಬಹುದು ಅಂತ ಅರ್ಥ. ಒಂದು ತಲೆಮಾರು ಹೊಸದಾದ ಬಾಡಿಗೆ ಹೋದರೆ ನಾಯ್ಸ್‌ನಲ್ಲಿ ಇಷ್ಟು ದೊಡ್ಡ ಫರಕು ಸಿಗುವುದಿಲ್ಲ.

ಫೋಕಸ್ ಮೋಟಾರಿನ ಮಾತೂ ಇದೆ. ಹಳೆಯ ಲೆನ್ಸುಗಳಲ್ಲಿ ಕೆಲವು ಗುರ್ ಅಂತ ಸದ್ದು ಮಾಡುತ್ತಾ ನಿಧಾನಕ್ಕೆ ತಿರುಗುತ್ತವೆ. ಬಾಡಿ ಎಷ್ಟೇ ಚುರುಕಾಗಿ ಹೇಳಿದರೂ ಲೆನ್ಸ್ ಓಡಬೇಕಲ್ಲ? ಒಳ್ಳೆಯ ಲೆನ್ಸ್ ಹಳೆಯ ಬಾಡಿಯಲ್ಲೂ ದುಡಿಯುತ್ತದೆ, ಮುಂದೆ ಬರುವ ಬಾಡಿಯಲ್ಲೂ ದುಡಿಯುತ್ತದೆ. ಬೆಲೆಯೂ ಬಾಡಿಯಷ್ಟು ಬೇಗ ಇಳಿಯುವುದಿಲ್ಲ.

ಆದರೆ ನೀವು ತೆಗೆಯುವುದು ಹಗಲು ಬೆಳಕಿನಲ್ಲಿ ಹಾರುವ ಹಕ್ಕಿ, ಲೆನ್ಸ್ ಆಗಲೇ ಚೆನ್ನಾಗಿದೆ, ಫೋಕಸ್ ಮಾತ್ರ ಪದೇ ಪದೇ ಹಿಂದಿನ ಮರಕ್ಕೆ ಹಾರುತ್ತಿದೆ ಅನ್ನುವುದಾದರೆ ಬಾಡಿಯೇ ಮೊದಲು.

## ನನ್ನ ಡಿಎಸ್ಎಲ್ಆರ್ ಹತ್ತು ವರ್ಷ ಹಳೆಯದು. ಅದು ಸತ್ತ ಹಾಗೇನಾ?

ಇಲ್ಲ. ಡಿಎಸ್ಎಲ್ಆರ್ ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ. ಅವುಗಳಲ್ಲಿ ಕ್ಯಾನನ್ 7ಡಿ ಮಾರ್ಕ್ 2 ಬಂದಿದ್ದು 2014ರಲ್ಲಿ, ನಿಕಾನ್ ಡಿ500 ಬಂದಿದ್ದು 2016ರಲ್ಲಿ. ಎರಡೂ ಸೆಕೆಂಡಿಗೆ 10 ಫ್ರೇಮ್, ಅಂದರೆ 10 ಫೋಟೊ ತೆಗೆಯುತ್ತವೆ. ಮೊದಲನೆಯದರಲ್ಲಿ 65 ಫೋಕಸ್ ಪಾಯಿಂಟ್ (ಫ್ರೇಮಿನಲ್ಲಿ ಫೋಕಸ್ ಹಿಡಿಯಬಲ್ಲ ಜಾಗ), ಎರಡನೆಯದರಲ್ಲಿ 153. ಇವತ್ತಿಗೂ ಮೈದಾನದ ಬದಿಯಲ್ಲಿ ಇವನ್ನು ಹಿಡಿದು ನಿಂತವರು ಒಳ್ಳೆಯ ಫೋಟೊ ತೆಗೆದುಕೊಂಡು ಮನೆಗೆ ಹೋಗುತ್ತಾರೆ. 1999ರ ನಿಕಾನ್ ಡಿ1 ಬರೀ 2.7 ಮೆಗಾಪಿಕ್ಸೆಲ್, ಸೆಕೆಂಡಿಗೆ 4.5 ಫ್ರೇಮ್. ಅದರಲ್ಲೂ ಜನ ಕ್ರೀಡಾ ಸುದ್ದಿ ಕಳಿಸಿದ್ದಾರೆ.

ಇಂಥ ಆಕ್ಷನ್ ಡಿಎಸ್ಎಲ್ಆರ್ ಇಟ್ಟುಕೊಂಡವರು ಅವಸರ ಮಾಡುವುದು ಬೇಡ. ಶುರುವಿನ ಹಂತದ, ಒಂಬತ್ತು ಅಥವಾ ಹನ್ನೊಂದು ಫೋಕಸ್ ಪಾಯಿಂಟಿನ, ಸೆಕೆಂಡಿಗೆ 3ರಿಂದ 5 ಫ್ರೇಮಿನ ಡಿಎಸ್ಎಲ್ಆರ್ ಇದ್ದವರಿಗೆ ಮಾತ್ರ ಹೊಸದು ಹಿಡಿದ ಮೊದಲ ದಿನವೇ ಫರಕು ಗೊತ್ತಾಗುತ್ತದೆ.

## ಮಿರರ್‌ಲೆಸ್‌ಗೆ ಹೋದರೆ ನಿಜವಾಗಿ ಏನು ಬದಲಾಗುತ್ತದೆ?

ಮಿರರ್‌ಲೆಸ್ ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ. ಎಲ್ಲಕ್ಕಿಂತ ಜಾಸ್ತಿ ಬದಲಾಗುವುದು ಫೋಕಸ್. ಡಿಎಸ್ಎಲ್ಆರ್‌ನಲ್ಲಿ ಫೋಕಸ್ ನೋಡುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಕನ್ನಡಿಯ ದಾರಿಯಲ್ಲಿ ಬಂದ ಬೆಳಕನ್ನು ನೋಡಿ ಫೋಕಸ್ ಸೆನ್ಸರ್ ಲೆಕ್ಕ ಹಾಕುತ್ತದೆ. ಪಾಯಿಂಟುಗಳು ಹೆಚ್ಚಿನದರಲ್ಲಿ ನಡುವೆಯೇ ಗುಂಪಾಗಿರುತ್ತವೆ. ಹಾಗಾಗಿ ಆಟಗಾರ ಫ್ರೇಮಿನ ಅಂಚಿಗೆ ಹೋದರೆ ಕ್ಯಾಮೆರಾ ಕೈಚೆಲ್ಲುತ್ತದೆ. ಮಿರರ್‌ಲೆಸ್‌ನಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸ್ಸನ್ನೂ ನೋಡುತ್ತದೆ, ಹೆಚ್ಚುಕಡಿಮೆ ಇಡೀ ಫ್ರೇಮಿನಲ್ಲಿ. ಲೆನ್ಸ್ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಫೋಕಸ್ ಮಾಡುತ್ತದೆ ಅಂತ ಮೈಕ್ರೋ ಅಡ್ಜಸ್ಟ್‌ಮೆಂಟ್ ಮಾಡುತ್ತಾ ಭಾನುವಾರ ಕಳೆಯುವುದೂ ತಪ್ಪುತ್ತದೆ.

ಇನ್ನೊಂದು ಗುರುತು ಹಿಡಿಯುವುದು. ಸೆನ್ಸರ್ ಚಿತ್ರವನ್ನೇ ನೋಡುತ್ತಿರುವುದರಿಂದ ಇದು ಮುಖ, ಇದು ಕಣ್ಣು, ಇದು ಹಕ್ಕಿ, ಇದು ಬೈಕು ಅಂತ ಕ್ಯಾಮೆರಾ ತಾನೇ ಗುರುತಿಸುತ್ತದೆ. 2020ರ ಕ್ಯಾನನ್ ಆರ್5, 2021ರ ಸೋನಿ ಎ1 ಬಂದ ಮೇಲೆ ಹಕ್ಕಿಯ ಕಣ್ಣನ್ನು ಹಿಂಬಾಲಿಸುವುದು ಮಾಮೂಲಾಗಿಬಿಟ್ಟಿತು. ಮೊದಲ ಸಲ ನೋಡಿದಾಗ ನನಗೆ ಸ್ವಲ್ಪ ಹೊಟ್ಟೆ ಉರಿಯಿತು ಕೂಡ. ಒಂದೇ ಪಾಯಿಂಟನ್ನು ಹಾರುವ ಹಕ್ಕಿಯ ತಲೆಯ ಮೇಲೆ ಇಟ್ಟುಕೊಂಡು ತಿರುಗುವುದನ್ನು ಎಷ್ಟೋ ವರ್ಷ ಕಲಿತಿದ್ದೆ. ಇಲ್ಲಿ ಒಂದು ಪುಟ್ಟ ಚೌಕ ತಾನೇ ಹೋಗಿ ಕಣ್ಣಿಗೆ ಅಂಟಿಕೊಳ್ಳುತ್ತದೆ.

ತಪ್ಪೇ ಮಾಡುವುದಿಲ್ಲ ಅಂದುಕೊಳ್ಳಬೇಡಿ. ಆಟಗಾರ ಬೆನ್ನು ತಿರುಗಿಸಿದ ಕೂಡಲೇ ಹಿಂದೆ ಕೂತ ಪ್ರೇಕ್ಷಕರ ಮುಖಕ್ಕೆ ಚೌಕ ಹಾರುತ್ತದೆ. ಇಡೀ ಫ್ರೇಮ್ ಬಿಟ್ಟುಕೊಟ್ಟರೆ ಹೀಗಾಗುತ್ತದೆ. ಫೋಕಸ್ ಜಾಗವನ್ನು ಸ್ವಲ್ಪ ಕಿರಿದು ಮಾಡಿ, ಅದರೊಳಗೆ ಮಾತ್ರ ಮುಖ ಹುಡುಕು ಅಂತ ಹೇಳಿದರೆ ದಾರಿಗೆ ಬರುತ್ತದೆ.

ವ್ಯೂಫೈಂಡರ್ ಕೂಡ ಬೇರೆ. ಡಿಎಸ್ಎಲ್ಆರ್‌ನಲ್ಲಿ ಕಾಣುವುದು ಗಾಜಿನ ಮೂಲಕ ಬಂದ ನೇರ ಬೆಳಕು, ಪ್ರತಿ ಫ್ರೇಮಿಗೂ ಕನ್ನಡಿ ಎದ್ದು ಒಂದು ಚೂರು ಕಪ್ಪಾಗುತ್ತದೆ. ಮಿರರ್‌ಲೆಸ್‌ನಲ್ಲಿ ಕಾಣುವುದು ಪುಟ್ಟ ಟಿವಿ. 2017ರ ಸೋನಿ ಎ9 ಥರದ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ 20 ಫ್ರೇಮ್ ತೆಗೆಯುವಾಗಲೂ ಅದು ಕಪ್ಪಾಗುವುದೇ ಇಲ್ಲ. ಕಡಿಮೆ ದರ್ಜೆಯವುಗಳಲ್ಲಿ ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆಯುವುದು) ಶುರುವಾದ ಕೂಡಲೇ ನೇರ ದೃಶ್ಯದ ಬದಲು ಈಗಷ್ಟೇ ತೆಗೆದ ಫೋಟೊಗಳೇ ಒಂದರ ಹಿಂದೆ ಒಂದು ಕಾಣುತ್ತವೆ. ನೀವು ಒಂದು ಫ್ರೇಮ್ ಹಿಂದಿನದನ್ನು ನೋಡುತ್ತಾ ಮುಂದಿನದನ್ನು ಹಿಂಬಾಲಿಸುತ್ತಿರುತ್ತೀರಿ. ದಿಕ್ಕು ಬದಲಾಯಿಸುವ ಆಟಗಾರ ಹೀಗೆಯೇ ಫ್ರೇಮಿನಿಂದ ತಪ್ಪಿಸಿಕೊಳ್ಳುವುದು. ಖರೀದಿಗೆ ಮುಂಚೆ ಕಣ್ಣಿಗಿಟ್ಟು ನೋಡಲೇಬೇಕಾದ ಸಂಗತಿ ಇದು.

## ಸೆಕೆಂಡಿಗೆ ಎಷ್ಟು ಫ್ರೇಮ್ ಇದ್ದರೆ ಸಾಕು?

ನನ್ನ ಮಟ್ಟಿಗೆ 10ರಿಂದ 15. ಅದಕ್ಕಿಂತ ಮೇಲಿನದು ಇದ್ದರೆ ಬೇಡ ಅನ್ನುವುದಿಲ್ಲ.

ಫುಟ್‌ಬಾಲ್ ಒದೆತ ತೆಗೆದುಕೊಳ್ಳಿ. ಕಾಲು ಚೆಂಡಿಗೆ ತಾಗಿರುವುದು ಸುಮಾರು 1/100 ಸೆಕೆಂಡ್ ಮಾತ್ರ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 10 ತೆಗೆದರೆ ಎರಡು ಫ್ರೇಮುಗಳ ನಡುವೆ 1/10 ಸೆಕೆಂಡ್ ಖಾಲಿ. ಸೆಕೆಂಡಿಗೆ 25 ಮೀಟರ್ ಹೋಗುವ ಚೆಂಡು ಅಷ್ಟರಲ್ಲಿ ಎರಡೂವರೆ ಮೀಟರ್ ಹೋಗಿರುತ್ತದೆ. 20 ಫ್ರೇಮಿಗೆ ಏರಿಸಿದರೂ ಒಂದೂಕಾಲು ಮೀಟರ್. ಅಂದರೆ ಸುಮ್ನೆ ಬಟನ್ ಒತ್ತಿ ಹಿಡಿದರೆ ತಾಗಿದ ಕ್ಷಣ ಸಿಗುವುದು ಅದೃಷ್ಟ. ಒದೆಯುವವರ ಸೊಂಟ ತಿರುಗುವುದನ್ನು ನೋಡಿ ಒತ್ತುವವರಿಗೆ 8 ಫ್ರೇಮಿನಲ್ಲೂ ಸಿಗುತ್ತದೆ. ಜಾಸ್ತಿ ಫ್ರೇಮ್ ಇದ್ದರೆ ಆರಿಸಿಕೊಳ್ಳಲು ಒಳ್ಳೆಯ ಮುಖಭಾವ, ಕಾಲಿನ ಒಳ್ಳೆಯ ಭಂಗಿ ಸಿಗುತ್ತವೆ.

ಕುದುರೆ ಓಡುವಾಗ ನಾಲ್ಕೂ ಕಾಲು ನೆಲ ಬಿಡುತ್ತವಾ ಅಂತ 1878ರಲ್ಲಿ ಫೋಟೊಗ್ರಾಫರ್ ಮೈಬ್ರಿಡ್ಜ್ ತೋರಿಸಿದ್ದು ಸಾಲಾಗಿ ಇಟ್ಟ 12 ಕ್ಯಾಮೆರಾಗಳಿಂದ. ಈಗ ಅದು ಒಂದೇ ಕ್ಯಾಮೆರಾದ ಒಂದು ಸೆಕೆಂಡಿನ ಕೆಲಸ.

ಬೆಲೆ ತೆರುವುದು ಆಮೇಲೆ. ಒಂದು ಪಂದ್ಯದಲ್ಲಿ ಎರಡೆರಡು ಸೆಕೆಂಡಿನ 100 ಬರ್ಸ್ಟ್, ಸೆಕೆಂಡಿಗೆ 20 ಫ್ರೇಮ್ ಅಂದರೆ 4000 ಫೋಟೊ. ಒಂದೊಂದು ರಾ ಫೈಲ್ (ಸೆನ್ಸರಿನಿಂದ ಬಂದ ಹಾಗೇ ಉಳಿಸಿದ ಫೈಲ್) 30 ಎಂಬಿ ಅಂತಿಟ್ಟುಕೊಂಡರೆ 120 ಜಿಬಿ. ಒಂದೊಂದನ್ನು ಒಂದು ಸೆಕೆಂಡ್ ನೋಡಿದರೂ ಬರೀ ನೋಡುವುದಕ್ಕೇ ಒಂದು ಗಂಟೆ ಮೀರುತ್ತದೆ.

ಇನ್ನೊಂದು ಮಾತು. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದ ಸಂಖ್ಯೆಗೆ ಕೆಳಗೆ ಸಣ್ಣಕ್ಷರದ ಷರತ್ತು ಇರುತ್ತದೆ, ಓದಿ. ಸೋನಿ ಎ7 ನಾಲ್ಕನೇ ತಲೆಮಾರಿನ ಕ್ಯಾಮೆರಾ ಸೆಕೆಂಡಿಗೆ 10 ಫ್ರೇಮ್ ಅನ್ನುತ್ತದೆ, ಆದರೆ ರಾ ಫೈಲನ್ನು ಗುಣ ಕಳೆಯದ ಹಾಗೆ ಉಳಿಸಿದರೆ ಆ ವೇಗ ಬರುವುದಿಲ್ಲ. ಸೋನಿಯ ಅತಿ ವೇಗದ ಬಾಡಿಗಳಿಗೆ ಬೇರೆ ಕಂಪನಿಯ ಲೆನ್ಸ್ ಹಾಕಿದರೆ 15ಕ್ಕೇ ನಿಲ್ಲುತ್ತದೆ.

## ರೋಲಿಂಗ್ ಶಟರ್ ಅಂದರೇನು? ಅದಕ್ಕೆ ಇಷ್ಟು ಹೆದರಬೇಕಾ?

ಆಕ್ಷನ್ ತೆಗೆಯುವವರು ಹೆದರಬೇಕು. ಮೆಕ್ಯಾನಿಕಲ್ ಶಟರ್ ಇಲ್ಲದೆ, ಬರೀ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತೆಗೆದಾಗ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದಿಕೊಂಡು ಬರುತ್ತದೆ. ಮಾಮೂಲಿ ಸೆನ್ಸರ್‌ಗಳಲ್ಲಿ ಈ ಓದುವಿಕೆ ಸೆಕೆಂಡಿನ ಹದಿನೈದನೇ ಒಂದು ಭಾಗದವರೆಗೂ ಹಿಡಿಯಬಹುದು. ನೀವು ಶಟರ್ ವೇಗ 1/4000 ಇಟ್ಟಿದ್ದೀರಿ, ಒಂದೊಂದು ಸಾಲೂ 1/4000 ಸೆಕೆಂಡಿನದೇ, ನಿಜ. ಆದರೆ ಮೊದಲ ಸಾಲು ಮತ್ತು ಕೊನೆಯ ಸಾಲು ಬೇರೆ ಬೇರೆ ಹೊತ್ತಿನವು. ಅಷ್ಟರಲ್ಲಿ ರಾಕೆಟ್ ತಿರುಗಿಬಿಟ್ಟಿರುತ್ತದೆ.

ನನ್ನ ಹತ್ತಿರ ಅಂಥ ಒಂದು ಫೋಟೊ ಇದೆ. ಆಟಗಾರ್ತಿಯ ಕಣ್ಣು ಚೂಪು, ಬೆವರಿನ ಹನಿಯೂ ಕಾಣುತ್ತದೆ. ಕೈಯಲ್ಲಿರುವ ರಾಕೆಟ್ ಮಾತ್ರ ಬಾಳೆಹಣ್ಣಿನ ಹಾಗೆ ಬಾಗಿದೆ. ಪಕ್ಕದ ಫ್ರೇಮಿನಲ್ಲಿ ಆಚೆ ಕಡೆಗೆ ಬಾಗಿದೆ. ಗಾಲ್ಫ್ ಕೋಲು, ಹಕ್ಕಿಯ ರೆಕ್ಕೆಯ ತುದಿ, ಕಾರಿನ ಚಕ್ರ, ಎಲ್ಲಕ್ಕೂ ಇದೇ ಗತಿ.

ಇದಕ್ಕೆ ಮೂರು ದಾರಿಗಳಿವೆ. ಒಂದು, ಮೆಕ್ಯಾನಿಕಲ್ ಶಟರ್ ಬಳಸುವುದು. ಉದಾಹರಣೆಗೆ 2022ರ ಕ್ಯಾನನ್ ಆರ್7 ಎಲೆಕ್ಟ್ರಾನಿಕ್‌ನಲ್ಲಿ 30 ಫ್ರೇಮ್ ಕೊಟ್ಟರೂ ಬಾಗುವಿಕೆ ಎದ್ದು ಕಾಣುತ್ತದೆ. ಮೆಕ್ಯಾನಿಕಲ್‌ನಲ್ಲಿ 15 ಫ್ರೇಮ್ ಕೊಡುತ್ತದೆ, ಅದನ್ನೇ ಬಳಸಿ, ಸಾಕು. ಎರಡು, ಸ್ಟ್ಯಾಕ್ಡ್ ಸೆನ್ಸರ್. ಸೆನ್ಸರಿನ ಹಿಂದೆಯೇ ಮೆಮೊರಿ ಪದರ ಅಂಟಿಸಿ ಓದುವುದನ್ನು ಬಹಳ ವೇಗ ಮಾಡಿದ್ದಾರೆ. ಸೋನಿ ಎ9, ಎ1, ನಿಕಾನ್ ಝಡ್9, ಝಡ್8, ಕ್ಯಾನನ್ ಆರ್3, ಆರ್5 ಮಾರ್ಕ್ 2, ಫುಜಿಫಿಲ್ಮ್ ಎಕ್ಸ್-ಎಚ್2ಎಸ್, ಓಎಂ-1 ಎಲ್ಲ ಈ ಬಗೆಯವು. 2021ರ ಝಡ್9 ಅಂತೂ ಮೆಕ್ಯಾನಿಕಲ್ ಶಟರನ್ನೇ ತೆಗೆದುಹಾಕಿತು. ನಡುವೆ ಅರೆ-ಸ್ಟ್ಯಾಕ್ಡ್ ಅನ್ನುವ ಬಗೆಯೂ ಬಂದಿದೆ, 2024ರ ನಿಕಾನ್ ಝಡ್6 ಮೂರನೇ ತಲೆಮಾರಿನದು ಹಾಗಿದೆ. ಮೂರನೆಯ ದಾರಿ ಗ್ಲೋಬಲ್ ಶಟರ್. ಎಲ್ಲ ಸಾಲುಗಳೂ ಒಟ್ಟಿಗೇ ಹಿಡಿಯುತ್ತವೆ, ಬಾಗುವ ಪ್ರಶ್ನೆಯೇ ಇಲ್ಲ. 2023ರ ಕೊನೆಗೆ ಘೋಷಿಸಿದ ಸೋನಿ ಎ9 ಮೂರನೇ ತಲೆಮಾರಿನ ಕ್ಯಾಮೆರಾ ಫುಲ್ ಫ್ರೇಮಿನಲ್ಲಿ (ದೊಡ್ಡ ಸೆನ್ಸರಿನ ಕ್ಯಾಮೆರಾಗಳಲ್ಲಿ) ಇದನ್ನು ಮೊದಲು ತಂದಿತು, ಸೆಕೆಂಡಿಗೆ 120 ಫ್ರೇಮ್. ಅದರ ಐಎಸ್ಒ ಶುರುವಾಗುವುದೇ 250ರಿಂದ, ನಾಯ್ಸ್ ಸ್ವಲ್ಪ ಜಾಸ್ತಿ.

ನನ್ನನ್ನು ಕೇಳಿದರೆ ಹೊಸದಾಗಿ ಕೊಳ್ಳುವವರು ಮೆಗಾಪಿಕ್ಸೆಲ್‌ಗಿಂತ ಮೊದಲು ನೋಡಬೇಕಾದ ಸಾಲು ಇದು: ಸ್ಟ್ಯಾಕ್ಡ್ ಹೌದೋ ಅಲ್ಲವೋ. ಅಲ್ಲ ಅಂತಾದರೆ ಮೆಕ್ಯಾನಿಕಲ್ ಶಟರ್‌ನಲ್ಲಿ ಎಷ್ಟು ಫ್ರೇಮ್.

## ಬಫರ್, ಕಾರ್ಡ್ ವೇಗ ಇವೆಲ್ಲ ಅಷ್ಟು ಮುಖ್ಯವಾ?

ಬಫರ್ ಅಂದರೆ ಫೋಟೊಗಳು ಕಾರ್ಡಿಗೆ ಹೋಗುವ ಮುಂಚೆ ಕ್ಯಾಮೆರಾದೊಳಗೆ ಕಾಯುವ ಜಾಗ. ಅದು ಎಷ್ಟು ಮುಖ್ಯ ಅಂತ ಬರ್ಸ್ಟ್ ನಡುವೆ ಕ್ಯಾಮೆರಾ ನಿಂತುಹೋದಾಗ ಗೊತ್ತಾಗುತ್ತದೆ. ಹೊಸ ಬಾಡಿ ತೆಗೆದುಕೊಂಡ ವಾರ ಒಂದು ರಿಲೇ ಓಟಕ್ಕೆ ಹೋಗಿದ್ದೆ. ಕಾರ್ಡ್ ಮಾತ್ರ ಹಳೆಯದೇ. ಓಟಗಾರ್ತಿ ಬರುತ್ತಿರುವಾಗಲೇ ಒತ್ತಿ ಹಿಡಿದೆ. ಕೈ ಚಾಚಿದಳು, ಮುಂದಿನವಳು ಕೈ ಹಿಂದೆ ಮಾಡಿದಳು, ಬೇಟನ್ ಇನ್ನೇನು ಕೈ ಬದಲಾಗಬೇಕು, ಅಷ್ಟರಲ್ಲಿ ಶಟರ್ ಸದ್ದು ಕುಂಟಿತು. ಟಕ್. ಆಮೇಲೆ ತುಂಬಾ ಹೊತ್ತಿಗೆ ಇನ್ನೊಂದು ಟಕ್. ಕಾರ್ಡಿನ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ನನಗೆ ಸಿಕ್ಕಿದ್ದು ಬೇಟನ್ ಬರುವ ಮುಂಚಿನ ಮೂವತ್ತು ಫೋಟೊ, ಹೋದ ಮೇಲಿನ ಬೆನ್ನು.

ಲೆಕ್ಕ ಸುಲಭ. 30 ಎಂಬಿಯ ಫೈಲ್, ಸೆಕೆಂಡಿಗೆ 15 ಫ್ರೇಮ್ ಅಂದರೆ ಸೆಕೆಂಡಿಗೆ 450 ಎಂಬಿ ಹರಿದುಬರುತ್ತದೆ. ಯುಎಚ್ಎಸ್-1 ಎಸ್‌ಡಿ ಕಾರ್ಡಿನ ದಾರಿಯೇ 104 ಎಂಬಿಯಷ್ಟು ಅಗಲ, ಯುಎಚ್ಎಸ್-2ರದ್ದು 312. ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿರುವುದು ಹೆಚ್ಚಾಗಿ ಓದುವ ವೇಗ, ನಮಗೆ ಬೇಕಾದ್ದು ಬರೆಯುವ ವೇಗ. ವಿ60, ವಿ90 ಅಂತ ಇರುವ ಗುರುತು ಬಿಡುವಿಲ್ಲದೆ ಬರೆಯುವಾಗ ಕನಿಷ್ಠ 60 ಅಥವಾ 90 ಎಂಬಿ ಇರುತ್ತದೆ ಅನ್ನುವುದಕ್ಕೆ. ಸಿಎಫ್ ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡ್ ಹಾಕುವ ಕ್ಯಾಮೆರಾ ಆದರೆ ಈ ತಲೆನೋವು ಬಹುಪಾಲು ಇಲ್ಲ, ಟೈಪ್ ಎ ಅದಕ್ಕಿಂತ ನಿಧಾನ, ಆದರೆ ಎಸ್‌ಡಿಗಿಂತ ಎಷ್ಟೋ ಮೇಲು. ಹಳೆಯ ಡಿ500 ಕೂಡ ಎಕ್ಸ್‌ಕ್ಯೂಡಿ ಕಾರ್ಡ್ ಹಾಕಿದರೆ 200 ರಾ ಫೋಟೊ ಒಂದೇ ಉಸಿರಿಗೆ ತೆಗೆಯುತ್ತಿತ್ತು.

ಬಾಡಿಯ ಬಜೆಟ್ ಬರೆಯುವಾಗ ಕಾರ್ಡ್, ಕಾರ್ಡ್ ರೀಡರ್, ಹಾರ್ಡ್ ಡಿಸ್ಕ್ ಮೂರನ್ನೂ ಅದರೊಳಗೇ ಸೇರಿಸಿ. ಆಮೇಲೆ ನೋಡೋಣ ಅಂದವನ ಕಥೆ ಮೇಲೆ ಹೇಳಿದ್ದೇನೆ.

## ಪ್ರೀ-ಕ್ಯಾಪ್ಚರ್ ಬರೀ ಆಟಿಕೆಯಾ?

ಹಕ್ಕಿ ತೆಗೆಯುವವರಿಗೆ ಖಂಡಿತ ಅಲ್ಲ. ಬಟನ್ ಅರ್ಧ ಒತ್ತಿ ಕಾದಿದ್ದರೆ ಕ್ಯಾಮೆರಾ ಒಳಗೊಳಗೇ ತೆಗೆಯುತ್ತಾ ಹಳೆಯದನ್ನು ಬಿಸಾಡುತ್ತಿರುತ್ತದೆ. ಕೊಂಬೆ ಬಿಟ್ಟು ಹಕ್ಕಿ ಹಾರಿದ್ದು ಕಂಡು ನೀವು ಪೂರ್ತಿ ಒತ್ತಿದಾಗ ಅದಕ್ಕೆ ಅರ್ಧ ಸೆಕೆಂಡ್ ಹಿಂದಿನವೂ ಉಳಿಯುತ್ತವೆ. ಒಲಿಂಪಸ್ ಇದನ್ನು 2016ರಲ್ಲೇ ಇ-ಎಂ1 ಮಾರ್ಕ್ 2ರಲ್ಲಿ ಕೊಟ್ಟಿತ್ತು. ನಿಕಾನ್ ಝಡ್9, ಝಡ್8ರಲ್ಲಿ ಇದು ಜೆಪೆಗ್‌ಗೆ ಮಾತ್ರ. ಓಟ, ಫುಟ್‌ಬಾಲ್ ತೆಗೆಯುವವರಿಗೆ ಅಷ್ಟು ಬೇಕಾಗುವುದಿಲ್ಲ.

## ಎಷ್ಟು ಮೆಗಾಪಿಕ್ಸೆಲ್ ಬೇಕು?

20ರಿಂದ 26 ಸಾಕು. ಎ4 ಹಾಳೆಯ ತುಂಬಾ ಒಳ್ಳೆಯ ಮುದ್ರಣಕ್ಕೆ 9 ಮೆಗಾಪಿಕ್ಸೆಲ್ ಕೂಡ ಬೇಕಾಗುವುದಿಲ್ಲ. ಹಕ್ಕಿ ದೂರ, ಲೆನ್ಸ್ ಗಿಡ್ಡ, ಯಾವಾಗಲೂ ಕತ್ತರಿಸಲೇಬೇಕು ಅನ್ನುವವರಿಗೆ 45 ಉಪಯೋಗ.

## ಕ್ರಾಪ್ ಸೆನ್ಸರಾ, ಫುಲ್ ಫ್ರೇಮಾ?

ಕ್ರಾಪ್ ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್. ಹಗಲು, ದೂರ: ಕ್ರಾಪ್. ಒಳಾಂಗಣ, ರಾತ್ರಿ: ಫುಲ್ ಫ್ರೇಮ್. ಕ್ರಾಪ್ ಕ್ಯಾಮೆರಾದಲ್ಲಿ 300 ಎಂಎಂ ಲೆನ್ಸ್ 450ರ ಹಾಗೆ ನೋಡುತ್ತದೆ, ಕ್ಯಾನನ್ ಆದರೆ 480. ಫುಲ್ ಫ್ರೇಮ್ ಸೆನ್ಸರಿನ ಜಾಗ ಎರಡು ಪಟ್ಟಿಗಿಂತ ಜಾಸ್ತಿ, ಹಾಗಾಗಿ ಅದೇ ಸೆಟ್ಟಿಂಗ್‌ನಲ್ಲಿ ಅಷ್ಟು ಹೆಚ್ಚು ಬೆಳಕು ಕೂಡಿಡುತ್ತದೆ. ಆದರೆ ಒಂದು ಮರೆಯಬೇಡಿ. ಫುಲ್ ಫ್ರೇಮಿಗೆ ಹೋದ ಮೇಲೆ ನಿಮ್ಮ ಲೆನ್ಸ್ ಇದ್ದಕ್ಕಿದ್ದಂತೆ ಗಿಡ್ಡ ಅನ್ನಿಸುತ್ತದೆ. ಉದ್ದದ ಲೆನ್ಸ್ ಕೊಳ್ಳಲು ಮತ್ತೆ ಖರ್ಚು, ಹೊರಲು ಮತ್ತೆ ಭಾರ. ಎಲ್ಲ ಕತ್ತರಿಸಿ ಸರಿಮಾಡುತ್ತೇನೆ ಅಂದರೆ 24 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಫೋಟೊ ಕ್ರಾಪ್‌ನಷ್ಟಕ್ಕೆ ಇಳಿದಾಗ ಕೈಗೆ ಸಿಗುವುದು ಸುಮಾರು 10. ಆಗ ಫುಲ್ ಫ್ರೇಮಿನ ಬೆಳಕಿನ ಲಾಭವೂ ಕತ್ತರಿಯಲ್ಲೇ ಹೋಗುತ್ತದೆ.

## ಒಳಾಂಗಣದಲ್ಲಿ ಒಂದು ಫೋಟೊ ಹಳದಿ, ಇನ್ನೊಂದು ಕಪ್ಪು. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ, ದೀಪ ಮಿಟುಕುತ್ತಿದೆ. 50 ಹರ್ಟ್ಸ್ ಕರೆಂಟಿನಲ್ಲಿ ದೀಪಗಳು ಸೆಕೆಂಡಿಗೆ 100 ಸಲ, 60 ಹರ್ಟ್ಸ್‌ನಲ್ಲಿ 120 ಸಲ ಏರಿ ಇಳಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/1000ದಲ್ಲಿ ತೆಗೆದರೆ ಒಂದು ಫ್ರೇಮಿಗೆ ಏರಿದ ಹೊತ್ತು ಸಿಗುತ್ತದೆ, ಇನ್ನೊಂದಕ್ಕೆ ಇಳಿದ ಹೊತ್ತು. ಆಂಟಿ-ಫ್ಲಿಕರ್ ಅನ್ನುವ ಸೆಟ್ಟಿಂಗ್ ಇದ್ದರೆ ಕ್ಯಾಮೆರಾ ಏರಿದ ಹೊತ್ತಿಗೇ ಕಾದು ತೆಗೆಯುತ್ತದೆ. ಕ್ಯಾನನ್ ಡಿಎಸ್ಎಲ್ಆರ್‌ಗಳಲ್ಲಿ ಇದು ಮೊದಲು ಬಂದಿದ್ದು 7ಡಿ ಮಾರ್ಕ್ 2ರಲ್ಲಿ. ಹಳೆಯ ಕ್ಯಾಮೆರಾದಲ್ಲಿ ಇದಿಲ್ಲದೆ ಒಳಾಂಗಣವನ್ನೇ ತೆಗೆಯುವವರಿಗೆ, ಬದಲಾಯಿಸಲು ಇದೊಂದೇ ಕಾರಣ ಸಾಕು.

ಎಲ್‌ಇಡಿ ಪರದೆಗಳು, ಕೆಲವು ಎಲ್‌ಇಡಿ ದೀಪಗಳು ಇದಕ್ಕಿಂತ ಬಹಳ ವೇಗವಾಗಿ ಮಿಟುಕುತ್ತವೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಅದೇ. ಮೊದಲು ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ ನೋಡಿ. ಕೆಲವು ಹೊಸ ಕ್ಯಾಮೆರಾಗಳಲ್ಲಿ ಶಟರ್ ವೇಗವನ್ನು ಚೂರುಚೂರೇ ಬದಲಾಯಿಸಿ ಪಟ್ಟೆ ಹೋಗುವ ಜಾಗ ಹುಡುಕಬಹುದು.

## ಹಳೆಯ ಲೆನ್ಸುಗಳ ಗತಿ ಏನು?

ಕ್ಯಾನನ್ ಇಎಫ್, ಇಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅದೇ ಕಂಪನಿಯ ಮಿರರ್‌ಲೆಸ್ ಆರ್ ಬಾಡಿಗಳಲ್ಲಿ ಚೆನ್ನಾಗಿಯೇ ಓಡುತ್ತವೆ. ನನ್ನ ಹಳೆಯ 70-200 ಹೊಸ ಬಾಡಿಯಲ್ಲಿ ಮೊದಲಿಗಿಂತ ಚೆನ್ನಾಗಿ ಫೋಕಸ್ ಹಿಡಿಯಿತು. ನಿಕಾನ್‌ನಲ್ಲಿ ಮೋಟಾರ್ ಒಳಗೇ ಇರುವ ಎಎಫ್-ಎಸ್, ಎಎಫ್-ಪಿ ಲೆನ್ಸುಗಳಿಗೆ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆಟೋಫೋಕಸ್ ಬರುತ್ತದೆ. ಬಾಡಿಯ ಮೋಟಾರಿನಿಂದ ತಿರುಗುತ್ತಿದ್ದ ಎಎಫ್-ಡಿ ಲೆನ್ಸುಗಳನ್ನು ಕೈಯಲ್ಲೇ ತಿರುಗಿಸಬೇಕು. ಆಕ್ಷನ್‌ಗೆ ಅವು ಮುಗಿದ ಹಾಗೆ.

## ಬ್ಯಾಟರಿ ಬೇಗ ಮುಗಿಯುತ್ತಂತೆ?

ಹೌದು, ಆದರೆ ಡಬ್ಬದ ಮೇಲಿನ ಸಂಖ್ಯೆ ಹೆದರಿಸುವಷ್ಟಲ್ಲ. ಅದು ಒಂದೊಂದಾಗಿ ತೆಗೆಯುವ ಲೆಕ್ಕ. ಬರ್ಸ್ಟ್‌ನಲ್ಲಿ ಅದರ ಎಷ್ಟೋ ಪಟ್ಟು ಬರುತ್ತದೆ. ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲಿ.

## ಸೆಕೆಂಡ್ ಹ್ಯಾಂಡ್ ತಗೋಬಹುದಾ? ಏನು ನೋಡಬೇಕು?

ತಗೋಬಹುದು. ಆಕ್ಷನ್‌ಗೆ ಒಂದು ತಲೆಮಾರು ಹಿಂದಿನ ದೊಡ್ಡ ಕ್ಯಾಮೆರಾ, ಈಗಿನ ತಲೆಮಾರಿನ ಚಿಕ್ಕ ಕ್ಯಾಮೆರಾಕ್ಕಿಂತ ಹೆಚ್ಚಾಗಿ ಮೇಲು. 7ಡಿ ಮಾರ್ಕ್ 2, ಡಿ500 ಎರಡರ ಶಟರನ್ನೂ ಕಂಪನಿ 2 ಲಕ್ಷ ಸಲಕ್ಕೆ ಪರೀಕ್ಷೆ ಮಾಡಿದೆ, ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3ರದ್ದು 5 ಲಕ್ಷ. ಕ್ರೀಡೆ ತೆಗೆದವರ ಕ್ಯಾಮೆರಾದಲ್ಲಿ ಶಟರ್ ಎಷ್ಟು ಸಲ ಓಡಿದೆ ಅನ್ನುವ ಸಂಖ್ಯೆ ಬೇಗ ಏರುತ್ತದೆ, ಕೇಳಲು ಸಂಕೋಚ ಬೇಡ. ಝಡ್9 ಥರದವಕ್ಕೆ ಮೆಕ್ಯಾನಿಕಲ್ ಶಟರೇ ಇಲ್ಲ, ಅಲ್ಲಿ ನೋಡಬೇಕಾದ್ದು ಮೌಂಟ್, ಕಾರ್ಡ್ ಹಾಕುವ ಜಾಗದ ಪಿನ್ನುಗಳು, ಡಯಲ್‌ಗಳು.

ಕಾಸು ಕೊಡುವ ಮುಂಚೆ ಒಂದು ಪರೀಕ್ಷೆ. ನಿಮ್ಮದೇ ಲೆನ್ಸ್, ನಿಮ್ಮದೇ ಕಾರ್ಡ್ ಹಾಕಿ. ಯಾರಿಗಾದರೂ ಸೈಕಲ್ ಕೊಟ್ಟು ದೂರದಿಂದ ನೇರ ನಿಮ್ಮ ಕಡೆಗೇ ಬರಲು ಹೇಳಿ. ಕೊನೆಯ ಹತ್ತು ಮೀಟರ್ ಬಿಡದೆ ತೆಗೆಯಿರಿ. ಅಡ್ಡ ಹೋಗುವುದನ್ನು ಯಾವ ಕ್ಯಾಮೆರಾವೂ ಹಿಡಿಯುತ್ತದೆ, ಎದುರಿಗೆ ಬರುವುದೇ ಕಷ್ಟ. ಮೂರು ಸಲ ಮಾಡಿ, ಕಣ್ಣು ಚೂಪಾಗಿರುವ ಫ್ರೇಮ್ ಎಷ್ಟು ಅಂತ ಎಣಿಸಿ. ಆಮೇಲೆ ನಿಮ್ಮ ಹಳೆಯ ಕ್ಯಾಮೆರಾದಲ್ಲೂ ಅದನ್ನೇ ಮಾಡಿ. ಎರಡು ಸಂಖ್ಯೆಗಳ ನಡುವೆ ದೊಡ್ಡ ಅಂತರ ಕಾಣದಿದ್ದರೆ ಸೈಕಲ್ಲಿನವರಿಗೆ ಥ್ಯಾಂಕ್ಸ್ ಹೇಳಿ ಮನೆಗೆ ಹೋಗಿ.

## ತಂದಾಯಿತು. ಮೊದಲು ಏನು ಸೆಟ್ ಮಾಡಲಿ?

ಫೋಕಸ್ ಎಎಫ್-ಸಿ (ಓಡುವುದನ್ನು ಬಿಡದೆ ಹಿಂಬಾಲಿಸುವ ಫೋಕಸ್), ಕ್ಯಾನನ್ ಆದರೆ ಅದರ ಹೆಸರು ಸರ್ವೋ. ಎಕ್ಸ್‌ಪೋಶರ್ ಮ್ಯಾನುಯಲ್, ಶಟರ್ 1/1000, ಲೆನ್ಸ್ ಪೂರ್ತಿ ತೆರೆದು, ಐಎಸ್ಒ ಮಾತ್ರ ಆಟೋ. ಗುರುತಿಸುವ ವಿಷಯವನ್ನು ಕೆಲಸಕ್ಕೆ ತಕ್ಕ ಹಾಗೆ ಇಡಿ. ಹಕ್ಕಿಗೆ ಇಟ್ಟು ಮನುಷ್ಯರನ್ನು ತೆಗೆದರೆ ಚೌಕ ಎಲ್ಲೆಲ್ಲೋ ಅಲೆಯುತ್ತದೆ. ವ್ಯೂಫೈಂಡರ್ ವೇಗವನ್ನು ಮೇಲಿನದಕ್ಕೆ ಏರಿಸಿ. ತಾನೇ ನಿದ್ದೆಗೆ ಹೋಗುವ ಸಮಯವನ್ನು ಉದ್ದ ಮಾಡಿ, ಇಲ್ಲವಾದರೆ ಗೋಲ್ ಹೊತ್ತಿಗೆ ಸರಿಯಾಗಿ ಕಪ್ಪು ಪರದೆ ಕಾಣುತ್ತದೆ. ಹೊಸ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಬಂದಿದೆಯಾ ನೋಡಿ, ಫೋಕಸ್ ಅದರಿಂದಲೇ ಸುಧಾರಿಸಿದ ಕ್ಯಾಮೆರಾಗಳಿವೆ.

ಮೊದಲ ಎರಡು ವಾರ ಯಾವ ಮುಖ್ಯ ಪಂದ್ಯಕ್ಕೂ ಒಪ್ಪಿಕೊಳ್ಳಬೇಡಿ. ಬಟನ್ ಎಲ್ಲಿದೆ ಅಂತ ಕಣ್ಣು ಹುಡುಕಬಾರದು, ಬೆರಳಿಗೇ ಗೊತ್ತಿರಬೇಕು.

## ಹಳೆಯ ಕ್ಯಾಮೆರಾ ಮಾರಿಬಿಡಲಾ?

ಒಂದು ತಿಂಗಳು ಇಟ್ಟುಕೊಳ್ಳಿ. ಚಿಕ್ಕ ಲೆನ್ಸ್ ಹಾಕಿ ಎರಡನೇ ಕ್ಯಾಮೆರಾ ಮಾಡಿಕೊಂಡರೆ, ಆಟಗಾರ ಗೋಲ್ ಹೊಡೆದು ನಿಮ್ಮ ಮುಂದೆಯೇ ಓಡಿಬಂದು ಮಂಡಿಯೂರಿದಾಗ ಕೆಲಸಕ್ಕೆ ಬರುತ್ತದೆ. ಉದ್ದದ ಲೆನ್ಸ್‌ನಲ್ಲಿ ಆಗ ಮೂಗು ಮಾತ್ರ ಕಾಣುತ್ತದೆ. ತಿಂಗಳು ಕಳೆದರೂ ಅದು ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ ಅಂದರೆ ಬ್ಯಾಟರಿ, ಚಾರ್ಜರ್, ಪಟ್ಟಿ ಎಲ್ಲ ಸೇರಿಸಿ ಮಾರಿಬಿಡಿ.